ಎಡೆಗೆಂದು ತಂದ ಅಂಗಿ

ಬಹಿರ್ ದಾರ್, ಇಥಿಯೋಪಿಯಾ
ಭಾನುವಾರ, ೧೬ ಸೆಪ್ಟೆಂಬರ್ ೨೦೦೭

ಪ್ರೀತಿಯ ಅತ್ತೀ,

ನಿಮ್ಮ ಪಾದಕ್ಕೆ ಶರಣು. ಮೊಣಕಾಲು ಈಗ ಹೇಗಿದೆ? ಹೋದ ವಾರ ಫೋನಿನಲ್ಲಿ ಕೇಳಿದರೆ ‘ನಂಗೇನಾಗೇತಬೇ, ಗುಂಡುಕಲ್ಲಿನಂಗ ಅದೀನಿ’ ಎಂದಿರಿ. ಹಿಂದಿನಿಂದ ನಿಮ್ಮ ಸಣ್ಣ ಮಗ ಸೋಮಶೇಖರ ‘ಸುಳ್ಳು ಹೇಳ್ತಾಳ ಅತ್ತಿಗೀ, ಹೂವ ಕಟ್ಟಾಕ ಕುಂತಾಕಿನ್ನ ಎಬ್ಬಸಾಕ ಇಬ್ರು ಬೇಕು’ ಎಂದು ಕೂಗಿದ್ದು ಇಷ್ಟು ದೂರಕ್ಕೂ ಕೇಳಿಸಿತು. ಮಳೆ ಹಿಡಿದಿರುವಷ್ಟು ದಿನವಾದರೂ ನಸುಕಿನಲ್ಲಿ ಮಲ್ಲಿಗೆ ತೋಟಕ್ಕೆ ಇಳಿಯಬೇಡಿ. ಮೊಗ್ಗು ಬಿಡಿಸಲು ಹೆಣ್ಣಾಳುಗಳಿದ್ದಾರೆ. ನೀವು ಬದುವಿನ ಮೇಲೆ ಕುಳಿತು ಬೈದರೆ ಸಾಕು, ಅವರ ಕೈ ತಾನೇ ಓಡುತ್ತದೆ. ಸೋಮಶೇಖರನ ಮಗಳು ಅಮೃತಾ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೆಯೇ? ಅವಳ ಉದ್ದ ಜಡೆಯನ್ನು ಯಾರ ಮಾತಿಗೂ ಕತ್ತರಿಸಬೇಡಿ.

ಫೋನಿನಲ್ಲಿ ನಾನು ‘ಹ್ಞೂ, ಹ್ಞೂ’ ಎನ್ನುವುದಷ್ಟೇ ಆಗುತ್ತದೆ. ನಿಮ್ಮ ಮಗ ಪಕ್ಕದಲ್ಲೇ ನಿಂತಿರುತ್ತಾರೆ. ಹಾಗಾಗಿ ಕಾಗದ. ನಿಮಗೆ ನನ್ನ ಅಕ್ಷರ ಓದಲು ಬರುತ್ತದೆ ಎನ್ನುವುದು ನನಗಿರುವ ದೊಡ್ಡ ಅನುಕೂಲ. ಇದನ್ನು ನೀವೊಬ್ಬರೇ ಓದಿ.

ಶಿವರಾತ್ರಿ ಮುಗಿಸಿ ಬಂದವರು ನಾವು. ಈಗ ಇಲ್ಲಿಯ ಮಳೆಗಾಲವೂ ಮುಗಿಯುತ್ತ ಬಂತು. ಮೊದಮೊದಲು ‘ಹೊಸ ಊರು’ ಎನ್ನುತ್ತಿದ್ದೆ, ಈಗ ಬರೀ ‘ಊರು’ ಎಂದು ಬಾಯಿಗೆ ಬರುತ್ತದೆ. ನಮ್ಮದು ಎರಡು ಕೋಣೆಯ ಮನೆ, ಮೇಲೆ ತಗಡು. ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅದು ಎಷ್ಟೋ ಸಲ ಒಳ್ಳೆಯದೇ ಆಗಿದೆ. ಅದೇ ಕಾಂಪೌಂಡಿನ ಮುಂದಿನ ಮನೆಯಲ್ಲಿ ಮಾಲಕಿ ಅಲ್ಮಾಜ್ ಮತ್ತು ಅವಳ ಮಗಳು ತಿಗಿಸ್ತ್ ಇದ್ದಾರೆ. ಅಲ್ಮಾಜ್ ನನ್ನ ವಯಸ್ಸಿನವಳು, ಗಂಡನಿಲ್ಲ. ಹಸಿ ಕಾಫಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಸಿ ಮೂರು ಸಲ ಕೊಡುತ್ತಾಳೆ. ಮೂರನೆಯದನ್ನು ಕುಡಿಯದೆ ಎದ್ದರೆ ಬೇಸರ ಮಾಡಿಕೊಳ್ಳುತ್ತಾಳೆ. ಹೊರಡುವಾಗ ನೀವು ‘ಅಲ್ಲಿ ಹೋಗಿ ಬರೇ ಕಾಫಿ ಕುಡ್ಕೊಂತ ಕುಂದ್ರಬ್ಯಾಡ್ರಿ, ಪಿತ್ತ ಆಗತೈತಿ’ ಎಂದಿದ್ದಿರಿ. ಅದೇ ಆಗಿದೆ. ಇಲ್ಲಿ ಗಡಿಯಾರವೂ ಬೇರೆ. ಹೊತ್ತು ಹುಟ್ಟಿದ ಮೇಲೆ ಎಣಿಕೆ ಶುರು, ನಮ್ಮ ಬೆಳಗಿನ ಏಳು ಇವರಿಗೆ ಒಂದು ಗಂಟೆ. ಹಾಲಿನವಳು ‘ಒಂದಕ್ಕೆ ಬಾ’ ಎಂದಳೆಂದು ನಾನು ಮಧ್ಯಾಹ್ನದ ಬಿಸಿಲಿನಲ್ಲಿ ಪಾತ್ರೆ ಹಿಡಿದು ಹೋಗಿ ನಿಂತಿದ್ದೆ. ಅವಳ ಆಕಳೂ ನನ್ನನ್ನು ನೋಡಿ ನಕ್ಕಿತೇನೋ. ಸಂತೆಯಲ್ಲಿ ಜೋಳ ಸಿಗುತ್ತದೆ ಎಂದು ಹೇಳಿದರೆ ನೀವು ನಂಬಿರಲಿಲ್ಲ. ಸಿಗುತ್ತದೆ. ಜೋಳದ ತವರು ಇದೇ ಕಡೆ, ನಮ್ಮಲ್ಲಿಗೆ ಬಂದದ್ದೇ ಇಲ್ಲಿಂದ ಎಂದು ನಿಮ್ಮ ಮಗ ಪಾಠ ಹೇಳಿದರು. ಹಿಟ್ಟಿಗೆ ಜಿಗುಟು ಕಡಿಮೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಆದರೂ ಮೊದಲ ದಿನ ಬಡಿದಾಗ ಇಬ್ಬರೂ ಒಲೆಯ ಮುಂದೆಯೇ ಕೂತು ತಿಂದೆವು.

ನಿಮ್ಮ ಮಗನ ವಿಷಯ ಮೊದಲು ಹೇಳಬೇಕಿತ್ತು. ಅವರು ಚೆನ್ನಾಗಿದ್ದಾರೆ. ಇದನ್ನು ನಿಮ್ಮ ಸಮಾಧಾನಕ್ಕೆ ಬರೆಯುತ್ತಿಲ್ಲ. ಮೈ ತುಂಬಿಕೊಂಡಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಕಾಲೇಜಿನ ಹುಡುಗರನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಗಿಡಗಳ ಹೆಸರು ಹೇಳಿಕೊಡುತ್ತಾರೆ. ಕೆರೆ ಎಂದೆ, ಸಮುದ್ರದ ಹಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಲಗಿದರೆ ನಿದ್ದೆ ಮಾಡುತ್ತಾರೆ. ಕೊಟ್ಟೂರಿನ ಆ ಒಂದೂವರೆ ವರ್ಷ ನಿಮಗೆ ಗೊತ್ತಲ್ಲ. ನಮ್ಮ ಮಗಳು ಕೊಟ್ರಮ್ಮ ಹೋದ ಮೇಲೆ ಅವರು ಕಾಲೇಜಿಗೆ ಬಜಾರದ ದಾರಿ ಬಿಟ್ಟು ರೈಲ್ವೆ ಸ್ಟೇಷನ್ನಿನ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದರು. ಬಜಾರದಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಪ್ರತಿಯೊಬ್ಬರ ಹತ್ತಿರವೂ ಒಂದು ಮಾತಿತ್ತು. ಕಿರಾಣಿ ಅಂಗಡಿಯ ಗಾಳೆಪ್ಪ, ‘ಸರ್ರ, ಅವತ್ತು ನನಗೊಂದು ಮಾತು ಹೇಳಿದ್ರ ನನ್ನ ಗಾಡಿ ತಗೊಂಡೇ ದಾವಣಗೆರೆಗೆ ಹಾರಸ್ತಿದ್ದೆ’ ಎನ್ನುತ್ತಿದ್ದ. ಬಸ್ಸಿನ ಹುಲುಗಪ್ಪ, ‘ಜ್ವರ ಅಂದ್ರ ಮೊದ್ಲ ದಿನಾನ ಹೋಗಬೇಕ್ರಿ ಸರ, ಓದಿದವ್ರು ನೀವು’ ಎಂದು ತಲೆಯಾಡಿಸುತ್ತಿದ್ದ. ತಾವಿದ್ದಿದ್ದರೆ ಹುಡುಗಿ ಉಳಿಯುತ್ತಿತ್ತು ಎನ್ನುವವರೇ ಎಲ್ಲರೂ. ಆಸ್ಪತ್ರೆಯ ದಾರಿಯಲ್ಲಿ, ಹರಪನಹಳ್ಳಿ ದಾಟುವ ಮೊದಲೇ, ಅವರ ತೊಡೆಯ ಮೇಲೆ ಅವಳು ತಣ್ಣಗಾದದ್ದನ್ನು ಹೀಗೆ ದಿನಾ ಒಬ್ಬೊಬ್ಬರು ಅವರ ಕೈಗೆ ತಿರುಗಿ ಕೊಡುತ್ತಿದ್ದರು. ಈ ದೇಶದ ಕೆಲಸದ ಸುದ್ದಿ ಬಂದಾಗ ಅವರು ಸಂಬಳ ಕೇಳಲಿಲ್ಲ, ಊರು ಯಾವುದೆಂದು ಕೇಳಲಿಲ್ಲ. ‘ಅಲ್ಲಿ ನಮ್ಮೋರು ಯಾರೂ ಇಲ್ಲಲ್ಲ?’ ಎಂದಷ್ಟೇ ಕೇಳಿದರು.

ಬಂದ ಹೊಸತರಲ್ಲಿ ಅಲ್ಮಾಜ್ ಕಾಫಿಗೆ ಕರೆದಳು. ನೆಲಕ್ಕೆ ಹಸಿ ಹುಲ್ಲು ಹಾಸಿದ್ದಳು. ನಾವು ಕೂತೆವು. ಎರಡನೆಯ ಕಪ್ಪಿನ ಹೊತ್ತಿಗೆ ಎಲ್ಲ ಹೆಂಗಸರೂ ಎಲ್ಲ ಊರಲ್ಲೂ ಕೇಳುವುದನ್ನೇ ಕೇಳಿದಳು, ಮಕ್ಕಳೆಷ್ಟು ಎಂದು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಮಗ ‘ಯೆಲ್ಲೆಮ್’ ಎಂದರು. ‘ಇಲ್ಲ’ ಎಂದು ಅದರ ಅರ್ಥ. ಅವರು ಈ ಭಾಷೆಯಲ್ಲಿ ಕಲಿತ ಮೊದಲ ಮಾತು ಅದು. ಕಲಿತದ್ದು ಯಾವಾಗ, ಯಾರನ್ನು ಕೇಳಿ ಎಂದು ನನಗೆ ಗೊತ್ತಿಲ್ಲ. ಅಲ್ಮಾಜ್ ನನ್ನ ಕೈಮೇಲೆ ಕೈಯಿಟ್ಟಳು. ಬಂಜೆಗೆ ತೋರಿಸುವ ಮರುಕ ಅದು. ನಾನು ಅದನ್ನು ಇಸಿದುಕೊಳ್ಳಬೇಕಾಯಿತು. ಆಮೇಲೆ ಕಾಲೇಜಿನವರು ಕೇಳಿದರು, ಪಕ್ಕದ ಪಾದ್ರಿ ಕೇಳಿದರು, ದರ್ಜಿ ಕೇಳಿದ. ಎಲ್ಲರಿಗೂ ಅದೇ ಉತ್ತರ. ಈಗ ಇದು ಊರಿಗೇ ಗೊತ್ತಿರುವ ಸಂಗತಿ, ಆ ಇಂಡಿಯಾದವರಿಗೆ ಮಕ್ಕಳಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಅವಳ ಒಂದು ಫೋಟೋ ಇದೆ ಅತ್ತೀ, ಸೀರೆಗಳ ನಡುವೆ. ಗೋಡೆಯಲ್ಲಿ ಮೊಳೆ ಇದೆ. ಅದಕ್ಕೆ ಕ್ಯಾಲೆಂಡರ್ ಹಾಕಿದ್ದೇವೆ.

ಇಷ್ಟನ್ನು ನಾನು ನುಂಗಿಕೊಂಡಿದ್ದೆ. ಅವರು ನಿದ್ದೆ ಮಾಡುತ್ತಿದ್ದರಲ್ಲ, ಅದಕ್ಕೆ.

ಈ ತಿಂಗಳ ಮೊದಲಲ್ಲಿ ಮಹಾನವಮಿ ಅಮಾವಾಸ್ಯೆ ಯಾವತ್ತು ಬರುತ್ತದೆ ಎಂದು ಪಂಚಾಂಗ ತೆಗೆದು ನೋಡಿದೆ. ಹೋದ ವರ್ಷ ಹಡಗಲಿಯಲ್ಲಿ ನಾವಿಬ್ಬರೂ ಬಟ್ಟೆ ಅಂಗಡಿಗೆ ಹೋದದ್ದು ನೆನಪಿದೆಯೇ? ಹಿರಿಯರ ಎಡೆಗೆ ಮಾವನವರಿಗೆ ಧೋತರ ತೆಗೆದುಕೊಂಡಿರಿ. ಅವಳಿಗೆ ಅಂಗಿ ಆರಿಸುವಾಗ ನಾನು ಹನ್ನೊಂದರ ಅಳತೆ ಕೇಳಿದೆ, ಹೋದಾಗ ಅಷ್ಟೇ ಇದ್ದಳೆಂದು. ನೀವು ಅಂಗಡಿಯವನ ಎದುರಿಗೇ ‘ದೊಡ್ಡದು ತಗೊಳವ್ವಾ, ಹುಡುಗ್ರು ವರ್ಷಕ್ಕ ಗೇಣುದ್ದ ಬೆಳಿತಾವ’ ಎಂದು ಗದರಿದಿರಿ. ಅವನಿಗೇನೂ ತಿಳಿಯಲಿಲ್ಲ, ದೊಡ್ಡದನ್ನು ಕಟ್ಟಿಕೊಟ್ಟ. ನಾನು ಎಂ.ಎ.ಗೆ ಎಷ್ಟೋ ಶೋಕಗೀತೆಗಳನ್ನು ಓದಿದವಳು, ಹುಡುಗಿಯರಿಗೆ ಪಾಠ ಹೇಳಿದವಳು. ಸತ್ತವರು ನಕ್ಷತ್ರವಾಗುತ್ತಾರೆ, ಹೂವಾಗುತ್ತಾರೆ. ಯಾವ ಕವಿಯೂ ಅವರಿಗೆ ಅಂಗಿಯ ಅಳತೆ ನೋಡಿರಲಿಲ್ಲ. ಅವತ್ತಿನಿಂದ ಆ ಪುಸ್ತಕಗಳನ್ನು ಬಿಚ್ಚಲು ಮನಸ್ಸೇ ಬಂದಿಲ್ಲ, ಇಲ್ಲಿಗೆ ಹೊತ್ತು ತಂದದ್ದಂತೂ ಹೌದು.

ಹಾಗಾಗಿ ಈ ಸಲ ಹದಿಮೂರರ ಅಳತೆ ಬೇಕಿತ್ತು. ಇಲ್ಲಿಯ ಅಂಗಿಗಳಿಗೆ ನಂಬರಿಲ್ಲ, ಮೈಗೆ ಹಿಡಿದೇ ನೋಡಬೇಕು. ತಿಗಿಸ್ತ್‌ಗೆ ಹದಿಮೂರು. ನಾನು ಸಂತೆಗೆ ಹೊರಟಾಗ ಚೀಲ ಹಿಡಿಯಲು ಬರುತ್ತೇನೆಂದಳು, ಬಾ ಎಂದೆ. ಇದರಲ್ಲಿ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಬಿಳಿ ನೂಲಿನ ಅಂಗಿ, ಅಂಚಿಗೂ ಎದೆಗೂ ಹಸಿರು ಕಸೂತಿ. ಅಂಗಡಿಯವಳು ಅದನ್ನು ತಿಗಿಸ್ತ್ ಬೆನ್ನಿಗೆ ಹಿಡಿದಳು, ಎದೆಗೆ ಹಿಡಿದಳು, ತೋಳು ಎಳೆದು ನೋಡಿದಳು. ನಾನು ‘ಸರಿ ಇದೆ’ ಎಂದೆ. ನನಗೆ ಅಲ್ಲಿ ತಿಗಿಸ್ತ್ ಕಾಣಿಸುತ್ತಿರಲಿಲ್ಲ ಅತ್ತೀ. ಭುಜ ಇಷ್ಟು ಅಗಲ ಆಗಿರುತ್ತಿತ್ತು, ಕೈ ಇಲ್ಲಿಯವರೆಗೆ ಬರುತ್ತಿತ್ತು, ಎಂದು ನೋಡುತ್ತಿದ್ದೆ. ದಾರಿಯುದ್ದಕ್ಕೂ ಹುಡುಗಿ ಕುಣಿಯುತ್ತ ಬಂದಳು. ಇಲ್ಲಿ ಈ ತಿಂಗಳಲ್ಲೇ ಹೊಸ ವರ್ಷ, ಅಂದು ಹೆಣ್ಣುಮಕ್ಕಳು ಹೊಸ ಬಟ್ಟೆ ಉಡಬೇಕು. ಅದು ನನಗೆ ಗೊತ್ತಿತ್ತು, ಆದರೆ ಎರಡನ್ನೂ ಕೂಡಿಸಿ ನೋಡಲಿಲ್ಲ. ಮನೆಗೆ ಬಂದು ನೀವು ಮಾಡುವ ಹಾಗೆಯೇ ಅಂಗಿಯ ಮೂಲೆಗೆ ಅರಿಸಿನ ಹಚ್ಚಿ, ಹೆಸರು ಹಿಡಿದು, ಪೆಟ್ಟಿಗೆಯಲ್ಲಿಟ್ಟೆ. ಎಡೆ ಇಟ್ಟ ಮೇಲೆ ಅಮೃತಾಳಿಗೆ ಕಳಿಸಬೇಕೆಂದುಕೊಂಡಿದ್ದೆ. ನಿಮ್ಮ ಮಗ ಅದನ್ನು ನೋಡಿದರು. ಅಮಾವಾಸ್ಯೆಯ ದಿನ ಅಲ್ಮಾಜ್ ಬಂದು ಇದು ಯಾರಿಗೆ ಎಂದು ಕೇಳಿದರೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ‘ನನಗೊಬ್ಬ ಮಗಳಿದ್ದಳು’ ಎನ್ನುವುದಕ್ಕೆ ಇವರ ಮಾತಿನಲ್ಲಿ ಏನೆನ್ನಬೇಕೆಂದು ಹಾಲಿನವಳಿಂದ ಕಲಿತು, ಪಾತ್ರೆ ತೊಳೆಯುತ್ತ ಹೇಳಿಕೊಳ್ಳುತ್ತಿದ್ದೆ.

ಹೊಸ ವರ್ಷದ ಹಿಂದಿನ ದಿನ ಸಂಜೆ ಅಲ್ಮಾಜ್ ಬಂದಳು. ಮೊರದಗಲದ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು, ಕಣ್ಣು ಒರೆಸಿಕೊಂಡಳು. ತಂದೆಯಿಲ್ಲದ ಹುಡುಗಿಗೆ ಅಂಗಿ ತಂದಿರಂತೆ, ದೇವರು ನಿಮಗೂ ಕೊಡಲಿ ಎಂದಳು. ತಿಗಿಸ್ತ್ ಬಾಗಿಲ ಹತ್ತಿರ ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದಳು. ನನಗೆ ಆಗ ತಿಳಿಯಿತು. ಕಲಿತ ಮಾತು ಬಾಯಿಯ ತನಕ ಬಂದಿತ್ತು, ಹೇಳುವವಳಿದ್ದೆ. ನಿಮ್ಮ ಮಗ ನಕ್ಕರು. ನಗುತ್ತಲೇ ನಮ್ಮ ಮಾತಿನಲ್ಲಿ, ‘ತಗೊಂಬಾ ದಾಕ್ಷಾಯಣೀ, ಹುಡುಗಿ ಕಾಯಾಕತ್ತೇತಿ’ ಎಂದರು. ನನ್ನ ಮುಖ ನೋಡಲಿಲ್ಲ, ರೊಟ್ಟಿಯನ್ನು ನೋಡುತ್ತಿದ್ದರು. ನಾನು ಒಳಗೆ ಹೋದೆ. ಪೆಟ್ಟಿಗೆ ತೆಗೆದೆ. ತಂದು ಕೊಟ್ಟೆ.

ತಾಯಿ ಮಗಳು ಹೋದ ಮೇಲೆ ‘ಗೊತ್ತಿತ್ತಲ್ಲ ನಿಮಗ?’ ಎಂದೆ.

‘ಗೊತ್ತಿತ್ತು.’

‘ಅರಿಷಿಣ ಹಚ್ಚಿದ್ದೆ.’

‘ನೋಡೀನಿ.’

‘ಮತ್ತ?’

ಸಣ್ಣವರಿದ್ದಾಗ ನಿಮ್ಮ ಮುಂದೆ ಹೇಗೆ ಕೇಳುತ್ತಿದ್ದರೋ ಹಾಗೆ ಕೇಳಿದರು: ‘ಇಲ್ಲಿ ನನಗ ನಿದ್ದಿ ಬರತೈತಿ, ದಾಕ್ಷಾಯಣಿ. ಅದೊಂದನ್ನ ಕಸಗೋಬ್ಯಾಡ. ಈ ಮನಿಯಾಗ ಎಡಿ ಇಡಬ್ಯಾಡ. ಒಬ್ರಿಗೆ ಹೇಳಿದ್ರ ನಾಳಿ ಎಲ್ಲಾರೂ ಬರ್ತಾರ.’

ಕಟುಕನ ಹಾಗಿದ್ದಿದ್ದರೆ ಜಗಳವಾಡುತ್ತಿದ್ದೆ. ಅವರನ್ನು ಬೈಯಬೇಡಿ ಅತ್ತೀ, ಫೋನಿನಲ್ಲಿ ಈ ಮಾತು ಎತ್ತಬೇಡಿ. ಮುಳುಗುವವನು ಹಲಗೆ ಹಿಡಿದಿದ್ದಾನೆ. ಆ ಹಲಗೆಯ ಕೆಳಗೆ ನನ್ನ ಮಗಳಿದ್ದಾಳೆ. ಯಾರ ಕೈ ಬಿಡಿಸಲಿ?

ಮರುದಿನ ಬೆಳಿಗ್ಗೆ ಓಣಿಯ ಹುಡುಗಿಯರೆಲ್ಲ ಬಾಗಿಲಿಗೆ ಬಂದು, ಚಪ್ಪಾಳೆ ತಟ್ಟಿ ಹಾಡಿದರು. ಕೈಯಲ್ಲಿ ಹಳದಿ ಹೂವಿನ ಗೊಂಚಲು. ಮಳೆ ನಿಂತ ಮೇಲೆ ಇಲ್ಲಿಯ ಗುಡ್ಡಗಳೆಲ್ಲ ಆ ಹೂವಿನಿಂದ ತುಂಬುತ್ತವೆ. ಎಲ್ಲರ ಮುಂದೆ ತಿಗಿಸ್ತ್ ಇದ್ದಳು. ಅಳತೆ ಎಲ್ಲೂ ಹೆಚ್ಚುಕಮ್ಮಿ ಇರಲಿಲ್ಲ. ಅಂಗಿಯ ಮೂಲೆಯಲ್ಲಿ ಅರಿಸಿನ ಹಾಗೇ ಇತ್ತು, ಹೂವಿನ ಬಣ್ಣ ತಾಗಿದೆ ಎಂದು ಹುಡುಗಿಯರು ಅಂದುಕೊಂಡಿರಬೇಕು. ಬಾಗಿ ನನಗೆ ಹೂ ಕೊಟ್ಟಳು. ನಿಮ್ಮ ಮಗ ಮೆಟ್ಟಿಲ ಮೇಲೆ ನಿಂತು ಅವರ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಆ ಹುಡುಗಿ ಸುತ್ತು ಹಾಕಿದಾಗ ಅಂಗಿಯ ಘೇರು ಅರಳಿತು, ಅವರ ಕೈ ಅರ್ಧಕ್ಕೆ ನಿಂತಿತು. ಒಂದು ಕ್ಷಣ. ಮತ್ತೆ ತಟ್ಟಿದರು, ಇನ್ನೂ ಜೋರಾಗಿ. ಅವರು ಮರೆತಿಲ್ಲ ಅತ್ತೀ. ಮರೆತಿದ್ದರೆ ನನಗೆ ಸಿಟ್ಟಾದರೂ ಉಳಿಯುತ್ತಿತ್ತು.

ಇಲ್ಲಿಯ ಲೆಕ್ಕದಲ್ಲಿ ಆ ದಿನ ಎರಡು ಸಾವಿರದ ಇಸವಿ ಹುಟ್ಟಿತು. ಇವರ ವರ್ಷ ನಮಗಿಂತ ಏಳೆಂಟು ಹಿಂದೆ. ಊರೆಲ್ಲ ದೀಪ, ಕೂಗು. ಸಂಜೆ ಜಗುಲಿಯಲ್ಲಿ ಕೂತಿದ್ದಾಗ ಅವರು ತಮಗೆ ತಾವೇ ಎನ್ನುವ ಹಾಗೆ, ‘ಹಂಗಂದ್ರ ಇಲ್ಲಿ ಇನ್ನೂ ಎರಡು ಸಾವಿರದ ಐದು ಬಂದಿಲ್ಲ’ ಎಂದರು. ಅಷ್ಟೇ. ಅವಳು ಹೋದ ವರ್ಷದ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನಾನೂ ಲೆಕ್ಕ ಹಾಕಿದೆ. ಎರಡು ಸಾವಿರದಲ್ಲಿ ಅವಳಿಗೆ ಆರು, ಮುಂದಿನ ಹಲ್ಲು ಬಿದ್ದಿತ್ತು, ‘ಕೊಟ್ರಮ್ಮ ಅನ್ನಬ್ಯಾಡ್ರಿ, ಅದು ಮುದುಕೇರ ಹೆಸರು, ನಾನು ಐಶ್ವರ್ಯ’ ಎಂದು ಶಾಲೆಯಲ್ಲಿ ಹೇಳಿ ಬಂದಿದ್ದಳು. ನೀವು ‘ಐಶ್ವರ್ಯ ಬಂದ್ಲು, ಮನಿ ತುಂಬಿಸ್ಕೊಳ್ರಿ’ ಎಂದು ಇಡೀ ದಿನ ಅಣಕಿಸಿದಿರಿ. ಕೊನೆಗೆ ಅತ್ತು ಕೊಟ್ರಮ್ಮನೇ ಆದಳು. ಇಲ್ಲಿಗೆ ಬಂದ ಮೇಲೆ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ತಿಗಿಸ್ತ್ ದಿನಾ ಅದೇ ಅಂಗಿಯಲ್ಲಿ ನಲ್ಲಿಯ ಹತ್ತಿರ ಬರುತ್ತಾಳೆ. ಒಳ್ಳೆಯ ಹುಡುಗಿ, ಕೊಡ ಎತ್ತಿಕೊಡುತ್ತಾಳೆ. ನಿನ್ನೆ ಅವಳ ಅಂಗಿಗೆ ಕೆಸರು ಸಿಡಿದಾಗ ನಾನು ನಮ್ಮ ಭಾಷೆಯಲ್ಲಿ ಬೈದೆ. ಏನೆಂದು ತಿಳಿಯದೆ ಅವಳು ನಕ್ಕಳು. ಆ ನಗು ನೋಡಿ ನನಗೆ ಬಂದದ್ದು ಎಂಥ ದ್ವೇಷ ಎಂದು ನಿಮಗೆ ಹೇಗೆ ಹೇಳಲಿ. ಅವಳೇನು ಮಾಡಿದ್ದಾಳೆ? ಬದುಕಿದ್ದಾಳೆ, ಅಷ್ಟೇ.

ಇಷ್ಟು ಸಾಕು, ನಿಮ್ಮ ಕಣ್ಣು ನೋಯುತ್ತದೆ. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಅಮೃತಾಳ ಕೈ ಮೆತ್ತಗಿದೆ. ಸೋಮಶೇಖರನಿಗೂ ಅವನ ಹೆಂಡತಿಗೂ ನಾವು ಕೇಳಿದೆವೆಂದು ಹೇಳಿ. ಕೊಟ್ಟೂರಿನ ಮನೆಯ ಪಕ್ಕದ ಜಾನಬಿ ಹೂವಿಗೆ ಬಂದರೆ ಅವಳಿಗೂ ನನ್ನ ನೆನಪು ಹೇಳಿ, ಅವಳು ಹೊಲಿದ ಕೌದಿಯನ್ನೇ ಇಲ್ಲಿಯ ಚಳಿಗೆ ಹೊದೆಯುತ್ತಿದ್ದೇವೆ. ನಿಮ್ಮ ಕೈ ನಮ್ಮಿಬ್ಬರ ತಲೆಯ ಮೇಲಿರಲಿ, ನಿಮ್ಮ ಮಗನ ತಲೆಯ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ಇರಲಿ.

ನಿಮ್ಮ ಸೊಸೆ,
ದಾಕ್ಷಾಯಣಿ

ಮರೆತ ಮಾತು: ಹೈದರಾಬಾದಿಗೆ ಹೊರಟ, ನಿಮ್ಮ ಮಗನ ಕಾಲೇಜಿನ ರೆಡ್ಡಿಯವರು ಕಾಗದ ಒಯ್ಯಲು ಬಂದು ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದಾರೆ, ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಗುಂಟೂರಿನಿಂದ ಇಲ್ಲಿಗೆ ಹೊಸದಾಗಿ ಬಂದ ಮೇಷ್ಟರ ಹೆಂಡತಿ ಅವರ ಗಾಡಿಯಲ್ಲಿ ಬಂದಿದ್ದಳು, ಈಗ ಸ್ವಲ್ಪ ಹೊತ್ತಿನ ಹಿಂದೆ ಒಳಗೆ ಬಂದಳು. ನಿಮ್ಮ ಮಗ ಮನೆಯಲ್ಲಿರಲಿಲ್ಲ. ನಾನು ಬಳ್ಳಾರಿ ಕಡೆಯವಳೆಂದು ತಿಳಿದು ಖುಷಿಯಿಂದ ತೆಲುಗಿನಲ್ಲೇ, ‘ಪಿಲ್ಲಲೆಂತ ಮಂದಮ್ಮಾ?’ ಎಂದು ಕೇಳಿದಳು. ಮಕ್ಕಳೆಷ್ಟು ಎಂದು. ತಡೆಯುವವರು ಯಾರೂ ಇರಲಿಲ್ಲ ಅತ್ತೀ. ಹೇಳಬಹುದಿತ್ತು, ಅವಳಿಗೆ ನನ್ನ ಮಾತು ಅರ್ಥವಾಗುತ್ತಿತ್ತು, ಜೊತೆಗೆ ಕೂತು ಅಳುತ್ತಿದ್ದಳೂ ಏನೋ. ನಾನು ‘ಲೇರು’ ಎಂದೆ. ಇಲ್ಲ ಎಂದೆ. ನನ್ನ ಬಾಯಿಂದಲೇ, ಏನೂ ತಡವರಿಸದೆ. ಅವಳು ‘ಪೋನೀಲೆಮ್ಮಾ’, ಹೋಗಲಿ ಬಿಡಮ್ಮ, ಎಂದು ಬೇರೆ ಮಾತಿಗೆ ಹೋದಳು, ಗುಂಟೂರಿನ ಮೆಣಸಿನಕಾಯಿ, ಇಲ್ಲಿಯ ಕರೆಂಟು. ನಾವು ನಕ್ಕೆವು ಕೂಡ. ಎದೆ ಹಗುರಾಯಿತು. ನಿಮ್ಮ ಮಗನಿಗೆ ಯಾಕೆ ನಿದ್ದೆ ಬರುತ್ತದೆ ಎಂದು ನನಗೀಗ ಗೊತ್ತಾಗಿದೆ. ಇನ್ನು ನಾನೂ ನಿದ್ದೆ ಮಾಡಬಹುದು, ಅದೇ ನನ್ನ ಹೆದರಿಕೆ. ಅಮಾವಾಸ್ಯೆಯ ಹೊತ್ತಿಗೆ ಈ ಕಾಗದ ನಿಮಗೆ ಮುಟ್ಟುತ್ತದೆ. ಕೊಟ್ರಮ್ಮನ ಎಡೆ ನೀವೇ ಇಡಿ. ಹೆಸರು ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಕರೆಯಿರಿ. ಅವಳು ನನ್ನನ್ನು ಕೇಳಿದರೆ, ನಿಮ್ಮವ್ವ ದೂರದ ಊರಿನಲ್ಲಿದ್ದಾಳೆ ಎಂದು ಹೇಳಿ. ಅಷ್ಟನ್ನೇ ಹೇಳಿ.